ನಮ್ಮ ಬಾವಿಯ ನೀರು ಕುಡಿಯಲು ಯೋಗ್ಯವೇ?

ಕರಾವಳಿಯ ನಮ್ಮ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಲೋಟ ಕೈಗೆ ಕೊಡುವಾಗ ಮನೆಯ ಹಿರಿಯರು ಒಂದು ಮಾತು ಸೇರಿಸುವುದುಂಟು: “ಕುಡಿಯಿರಿ ಫಾದರ್, ನಮ್ಮದೇ ಬಾವಿಯ ನೀರು, ಎಳನೀರಿನ ಹಾಗಿದೆ.” ಈ ಹೆಮ್ಮೆ ಸುಳ್ಳಲ್ಲ. ಅಜ್ಜನ ಕಾಲದಲ್ಲಿ ಮುರಕಲ್ಲನ್ನು ಪಿಕ್ಕಾಸಿನಿಂದ ಕಡಿದು, ಕೋಲಿನ ಲೆಕ್ಕದಲ್ಲಿ ಇಳಿದು, ಬುಡದಲ್ಲಿ ಸೆಲೆ ಕಂಡಾಗ ಇಡೀ ಮನೆ ಸಂಭ್ರಮಿಸಿದ ಬಾವಿ ಅದು. ಅಂಥ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರೆ ಮನೆತನದ ಮೇಲೆಯೇ ಸಂಶಯಪಟ್ಟಂತೆ ಕೆಲವರಿಗೆ ನೋವಾಗುತ್ತದೆ. ಆದರೂ ಕೇಳಲೇಬೇಕಾದ ಪ್ರಶ್ನೆ ಅದು.

ನಳ್ಳಿಯ ನೀರು ಕೆಟ್ಟರೆ ನಾವು ಪಂಚಾಯತಿಗೆ ಹೋಗಿ ಜಗಳ ಮಾಡುತ್ತೇವೆ. ಸಾರ್ವಜನಿಕ ಬಾವಿಗೆ ಔಷಧಿ ಹಾಕದಿದ್ದರೆ ಆರೋಗ್ಯ ಇಲಾಖೆಯವರನ್ನು ದೂರುತ್ತೇವೆ. ನಮ್ಮ ಅಂಗಳದ ಬಾವಿಗೆ ಮಾತ್ರ ಇವರು ಯಾರೂ ಜವಾಬ್ದಾರರಲ್ಲ. ಅಲ್ಲಿ ಪಂಚಾಯತಿಯೂ ನಾವೇ, ಇಂಜಿನಿಯರೂ ನಾವೇ, ಆರೋಗ್ಯ ನಿರೀಕ್ಷಕರೂ ನಾವೇ. ಆ ನೀರನ್ನು ಮನೆಯ ಮಕ್ಕಳು ಕುಡಿಯುತ್ತಾರೆ; ಜೊತೆಗೆ ಬಾಡಿಗೆಯವರು, ತೋಟದ ಕೆಲಸದಾಳು, ಅಂಚೆಯವನು, ದಾರಿಹೋಕ ಎಲ್ಲರೂ ಕುಡಿಯುತ್ತಾರೆ. ಸಂತ ಯೊವಾನ್ನರ ಶುಭಸಂದೇಶದ ನಾಲ್ಕನೆಯ ಅಧ್ಯಾಯದಲ್ಲಿ ಬಾವಿಯ ಬಳಿ ಕುಳಿತು ಸಮಾರಿಯದ ಸ್ತ್ರೀಯಲ್ಲಿ ನೀರು ಕೇಳಿದ ಯೇಸುಸ್ವಾಮಿಯನ್ನು ನೆನೆಸಿಕೊಳ್ಳಿ. ಬಾಯಾರಿ ಬಂದವನು ನೀರನ್ನು ಪರೀಕ್ಷಿಸಿ ಕುಡಿಯುವುದಿಲ್ಲ, ಕೊಟ್ಟವರನ್ನು ನಂಬಿ ಕುಡಿಯುತ್ತಾನೆ.

ಹೊಸ ಮನೆಯ ಆಶೀರ್ವಾದಕ್ಕೆ ಹೋದಾಗ “ಬಾವಿಗೂ ಸ್ವಲ್ಪ ತೀರ್ಥ ಚಿಮುಕಿಸಿ ಫಾದರ್” ಎಂದು ಕೇಳುವ ರೂಢಿಯಿದೆ. ಗುರುಗಳು ಸಂತೋಷದಿಂದ ಚಿಮುಕಿಸುತ್ತಾರೆ. ಆದರೆ ದೇವರ ಕೃಪೆಯು ಪ್ರಕೃತಿಯನ್ನು ಪೂರ್ಣಗೊಳಿಸುತ್ತದೆಯೇ ಹೊರತು ಅದನ್ನು ಅಳಿಸಿ ಅದರ ಜಾಗದಲ್ಲಿ ಕೂರುವುದಿಲ್ಲ ಎಂಬುದು ಸಂತ ತೋಮಾಸ್ ಅಕ್ವಿನಾಸರ ಪ್ರಸಿದ್ಧ ಬೋಧನೆ. ತೀರ್ಥವು ಬ್ಲೀಚಿಂಗ್ ಪೌಡರಿನ ಕೆಲಸ ಮಾಡುತ್ತದೆಂದು ಧರ್ಮಸಭೆ ಎಂದೂ ಹೇಳಿಲ್ಲ.

ಕಣ್ಣು, ನಾಲಿಗೆ ಹೇಳುವ ಸಾಕ್ಷ್ಯ

ತಿಳಿಯಾದ ನೀರು ಶುದ್ಧ ನೀರು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಇದು ಎಷ್ಟು ದೊಡ್ಡ ತಪ್ಪಾಗಬಲ್ಲದು ಎಂಬುದಕ್ಕೆ ಲಂಡನ್ ನಗರದ ಒಂದು ಬಾವಿಯ ಕತೆ ಸಾಕು. ಸೋಹೋ ಎಂಬಲ್ಲಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕೈಪಂಪು ಜೋಡಿಸಿದ ಒಂದು ಬಾವಿಯಿತ್ತು. ಅದರ ನೀರು ತಿಳಿ ಮತ್ತು ರುಚಿ ಎಂದು ಸುತ್ತಲೂ ಹೆಸರಾಗಿತ್ತು. ಆ ಬೀದಿಯನ್ನು ಬಿಟ್ಟು ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ನೆಲೆಸಿದ್ದ ಒಬ್ಬ ವಿಧವೆಯಂತೂ ಬೇರೆ ನೀರು ರುಚಿಸದೆ ಅದನ್ನೇ ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು. 1854ರ ಆಗಸ್ಟ್ ಕೊನೆಯಲ್ಲಿ ಆ ಬೀದಿಯಲ್ಲಿ ಕಾಲರಾ ಎದ್ದಿತು. 600ಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಪ್‌ಸ್ಟೆಡ್‌ನಲ್ಲಿ ಕಾಲರಾ ಇಲ್ಲದಿದ್ದರೂ ಆ ವಿಧವೆಯೂ ಸತ್ತರು. ಡಾಕ್ಟರ್ ಜಾನ್ ಸ್ನೋ ಎಂಬವರು ಸತ್ತವರ ಮನೆಗಳನ್ನು ಗುರುತಿಸುತ್ತಾ ಹೋಗಿ, ಇದಕ್ಕೆ ಆ ಬಾವಿಯೇ ಕಾರಣವೆಂದು ವಾದಿಸಿದರು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಲಾಯಿತು.

ಕತೆಯ ಉಳಿದ ಭಾಗ ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಪ್ರದೇಶದ ಆಂಗ್ಲಿಕನ್ ಚರ್ಚಿನ ಸಹಾಯಕ ಗುರು ಹೆನ್ರಿ ವೈಟ್‌ಹೆಡ್, ಇನ್ನೂ ಮೂವತ್ತು ತುಂಬದ ಯುವಕ. ಬಾವಿಯ ಮೇಲಿನ ಆರೋಪವನ್ನು ಅವರು ನಂಬಲಿಲ್ಲ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಲೆಂದೇ ಮನೆಮನೆಗೆ ಹೋಗಿ ವಿಚಾರಿಸತೊಡಗಿದರು. ಜನರನ್ನು ಹೆಸರು ಹಿಡಿದು ಬಲ್ಲವರಾದ್ದರಿಂದ ವೈದ್ಯರಿಗೆ ಸಿಗದ ಉತ್ತರಗಳು ಅವರಿಗೆ ಸಿಕ್ಕವು. ಕೊನೆಗೆ ಬಾವಿಯೇ ಕಾರಣವೆಂದು ಅವರೇ ಒಪ್ಪಿದರು. ಬಾವಿಯ ಎದುರಿನ 40ನೇ ನಂಬ್ರದ ಮನೆಯಲ್ಲಿ ಒಂದು ಹಸುಗೂಸಿಗೆ ಭೇದಿಯಾಗಿತ್ತು. ಅದರ ಬಟ್ಟೆ ತೊಳೆದ ನೀರನ್ನು ತಾಯಿ ಮನೆಯ ಮುಂದಿನ ಕೊಳಚೆ ಗುಂಡಿಗೆ ಸುರಿದಿದ್ದಳು. ಅಗೆದು ನೋಡಿದಾಗ ಆ ಗುಂಡಿಯ ಇಟ್ಟಿಗೆ ಕಟ್ಟಡ ಶಿಥಿಲವಾಗಿತ್ತು. ಅದರಿಂದ ಬಾವಿಗೆ ಇದ್ದ ದೂರ ಮೂರು ಅಡಿಗಿಂತ ಕಡಿಮೆ. ಅಲ್ಲಿಯವರೆಗೂ ನೀರಿನ ತಿಳಿಯಾಗಲಿ ರುಚಿಯಾಗಲಿ ಯಾರಿಗೂ ಎಚ್ಚರಿಕೆ ಕೊಟ್ಟಿರಲಿಲ್ಲ.

“ನಾವು ನಲುವತ್ತು ವರ್ಷದಿಂದ ಕುಡಿಯುತ್ತಿದ್ದೇವೆ, ಏನೂ ಆಗಿಲ್ಲ” ಎನ್ನುವುದು ಇನ್ನೊಂದು ವಾದ. ಸೆಮಿನರಿಯಲ್ಲಿ ತರ್ಕಶಾಸ್ತ್ರ ಓದಿದವರಿಗೆ ಇದರ ದೋಷ ಕೂಡಲೇ ಕಾಣುತ್ತದೆ. ನಿನ್ನೆಯವರೆಗೆ ಆಗಿಲ್ಲ ಎಂಬುದರಿಂದ ನಾಳೆ ಆಗುವುದಿಲ್ಲ ಎಂದು ಸಿದ್ಧವಾಗುವುದಿಲ್ಲ. ಬಾವಿ ಅದೇ ಆದರೂ ಸುತ್ತಲಿನ ನೆಲ ಅದೇ ಅಲ್ಲ. ನಲುವತ್ತು ವರ್ಷದ ಹಿಂದೆ ಆ ಬಾವಿಯ ಸುತ್ತ ಗದ್ದೆಯಿತ್ತು, ಇಂದು ಎಂಟು ಮನೆಗಳಿವೆ. “ಏನೂ ಆಗಿಲ್ಲ” ಎಂಬುದೂ ಪೂರ್ಣ ಸತ್ಯವಲ್ಲದಿರಬಹುದು. ಮಳೆಗಾಲದಲ್ಲಿ ಮಕ್ಕಳಿಗೆ ಬರುವ ವಾಂತಿಭೇದಿಗೆ ನಾವು ಹಲಸಿನ ಹಣ್ಣನ್ನು ದೂರುತ್ತೇವೆ, ಟೈಫಾಯ್ಡಿಗೆ ಹೋಟೆಲಿನ ಊಟವನ್ನು. ಹಳದಿ ಕಾಮಾಲೆಯಲ್ಲಿ ಎ ಮತ್ತು ಇ ಎಂಬ ಎರಡು ಬಗೆಗಳು ಮಲದಿಂದ ಕೆಟ್ಟ ನೀರಿನ ಮೂಲಕವೇ ಹರಡುತ್ತವೆ. ಎ ಬಗೆಯದು ಚಿಕ್ಕ ಮಕ್ಕಳಲ್ಲಿ ಅನೇಕ ವೇಳೆ ಲಕ್ಷಣವನ್ನೇ ತೋರಿಸದೆ ಹೋಗಿ, ಅದೇ ಮನೆಗೆ ಬಂದ ದೊಡ್ಡವರನ್ನು ಹಾಸಿಗೆ ಹಿಡಿಸುತ್ತದೆ. ಇ ಬಗೆಯದು ಗರ್ಭಿಣಿಯರಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಪ್ರಾಣಾಪಾಯ ತರಬಲ್ಲದು. ಬಾವಿಯ ನೀರಿಗೆ ಒಗ್ಗಿಕೊಂಡ ಅಜ್ಜನ ಆರೋಗ್ಯವನ್ನು ನೋಡಿ ಹೆರಿಗೆಗೆ ತವರಿಗೆ ಬಂದ ಮಗಳ ಬಗ್ಗೆ ನಿಶ್ಚಿಂತರಾಗಿರುವುದು ಸರಿಯಲ್ಲ.

ಐದು ಸೆಂಟ್ಸ್ ಜಾಗದ ಲೆಕ್ಕ

ಕುಡಿಯುವ ನೀರಿನ ಬಾವಿಗೂ ಕಕ್ಕಸು ಗುಂಡಿ, ಗೊಬ್ಬರ ಗುಂಡಿ, ಹಟ್ಟಿಗಳಿಗೂ ಕನಿಷ್ಠ 50 ಅಡಿ, ಅಂದರೆ 15 ಮೀಟರ್ ಅಂತರವಿರಬೇಕೆಂದು ಆರೋಗ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಇದನ್ನು ನಮ್ಮ ಇಂದಿನ ಮನೆ ನಿವೇಶನಗಳಿಗೆ ಹಚ್ಚಿ ನೋಡೋಣ. ಐದು ಸೆಂಟ್ಸ್ ಎಂದರೆ 2,178 ಚದರಡಿ. ಜಾಗ ಚೌಕವಾಗಿದ್ದರೆ ಒಂದು ಬದಿ 47 ಅಡಿಯೂ ಬರುವುದಿಲ್ಲ; ಮೂಲೆಯಿಂದ ಮೂಲೆಗೆ ಸುಮಾರು 66 ಅಡಿ. ಆದ್ದರಿಂದ ಒಂದು ಮೂಲೆಯಲ್ಲಿ ಬಾವಿ, ಎದುರು ಮೂಲೆಯಲ್ಲಿ ಗುಂಡಿ ಇಟ್ಟರೆ ಮಾತ್ರ ನಿಯಮ ಪಾಲನೆಯಾದೀತು. ಎಲ್ಲರೂ ಮಾಡುವುದು ಅದನ್ನೇ. ಆದರೆ ನನ್ನ ಎದುರು ಮೂಲೆ ಎಂದರೆ ಪಕ್ಕದ ಮನೆಯವರ ಆವರಣ ಗೋಡೆ. ಆ ಗೋಡೆಯ ಆಚೆ ಅವರ ಬಾವಿ ಇದ್ದೀತು. ನನ್ನ ಬಾವಿಯಿಂದ 60 ಅಡಿ ದೂರ ಸರಿಸಿದ ಗುಂಡಿಯನ್ನು ನೆರೆಯವರ ಬಾವಿಯಿಂದ 10 ಅಡಿ ದೂರದಲ್ಲಿ ತೋಡಿರುತ್ತೇನೆ. ಆವರಣ ಗೋಡೆ ನೆಲದ ಮೇಲಿನದು, ಕೆಳಗೆ ನೀರಿಗೆ ಅದರ ಹಂಗಿಲ್ಲ. ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆಯನ್ನು ಅಡಿಪಟ್ಟಿಯಿಂದ ಅಳೆಯಬಹುದಾದ ಸ್ಥಳ ಯಾವುದಾದರೂ ಇದ್ದರೆ ಅದು ಇದೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಮಣ್ಣಿನ ಗುಣವೂ ಇಲ್ಲಿ ಮುಖ್ಯ. ಮುರಕಲ್ಲು ಜೇನುಗೂಡಿನಂತೆ ತೂತುತೂತಾದ ಕಲ್ಲು. ಮರಳು ಅಥವಾ ನಯವಾದ ಮಣ್ಣಿನಲ್ಲಿ ನೀರು ನಿಧಾನವಾಗಿ ಸೋಸಿ ಇಳಿಯುವಂತೆ ಇದರಲ್ಲಿ ಇಳಿಯುವುದಿಲ್ಲ; ಬಿರುಕು ಸಿಕ್ಕರೆ ಸೋಸದೆ ಓಡುತ್ತದೆ. ಆದ್ದರಿಂದ 50 ಅಡಿ ಇದ್ದರೂ ಅದು ಭರವಸೆಯೇನಲ್ಲ. ಇನ್ನೊಂದು ಮಾತು: ಗುಂಡಿಯ ತಳ ಮತ್ತು ಭೂಮಿಯೊಳಗಿನ ನೀರಿನ ಮಟ್ಟದ ನಡುವೆ ಒಣ ಮಣ್ಣಿನ ಪದರ ಇರಬೇಕು, ರೋಗಾಣುಗಳು ಸಾಯುವುದು ಆ ಪದರದಲ್ಲಿ. ಮಾರ್ಚಿಯಲ್ಲಿ ಆ ಪದರ ಇರುತ್ತದೆ. ಜುಲೈಯಲ್ಲಿ ನೀರು ಮೇಲೇರಿ ಬಾವಿಯಿಂದ ಕೈಯಲ್ಲೇ ಮೊಗೆಯುವಂತಾದಾಗ ಪಕ್ಕದ ಹತ್ತು ಅಡಿ ಆಳದ ಗುಂಡಿಯೂ ಅದೇ ನೀರಿನಲ್ಲಿ ಮುಳುಗಿರುತ್ತದೆ. ಬಾವಿ ತುಂಬಿತೆಂದು ನಾವು ದೇವರಿಗೆ ಕೃತಜ್ಞತೆ ಸಲ್ಲಿಸುವ ತಿಂಗಳೇ ಅದರ ನೀರು ಅತ್ಯಂತ ಅಪಾಯಕಾರಿಯಾಗಿರುವ ತಿಂಗಳೂ ಹೌದು.

“ನಮ್ಮದು ಸೆಪ್ಟಿಕ್ ಟ್ಯಾಂಕು” ಎಂದು ಹೇಳುವವರು ಅದರ ತಳ ಸಿಮೆಂಟಿನದೇ ಎಂದು ಮೇಸ್ತ್ರಿಯಲ್ಲಿ ಕೇಳಿ ತಿಳಿದುಕೊಳ್ಳಿ. ತಳವಿಲ್ಲದೆ ನಾಲ್ಕು ಸಿಮೆಂಟ್ ರಿಂಗು ಇಳಿಸಿ ಮುಚ್ಚಿದ್ದಕ್ಕೂ ನಮ್ಮಲ್ಲಿ ಅದೇ ಹೆಸರು. ಸರಿಯಾದ ಟ್ಯಾಂಕಿನಿಂದ ಹೊರಬರುವ ನೀರಿನಲ್ಲಿಯೂ ರೋಗಾಣುಗಳಿರುತ್ತವೆ. ಅದು ಇಂಗುವ ಗುಂಡಿಗೂ ಅಂತರದ ನಿಯಮ ಅನ್ವಯಿಸುತ್ತದೆ. ಜಾಗ ಇಳಿಜಾರಾಗಿದ್ದರೆ ಗುಂಡಿ ಯಾವಾಗಲೂ ಬಾವಿಗಿಂತ ಕೆಳಗಿನ ಬದಿಯಲ್ಲಿರಲಿ.

ಬಾವಿಯ ಸುತ್ತ ಒಂದು ಸುತ್ತು

ಹಣ ಖರ್ಚಾಗುವ ಮೊದಲು ಕಾಲು ಖರ್ಚಾಗಲಿ. ಜೋರು ಮಳೆ ಬರುವಾಗ ಕೊಡೆ ಹಿಡಿದು ಬಾವಿಯ ಸುತ್ತ ನಿಂತು ನೋಡಿ. ಅಂಗಳದ ನೀರು ಎತ್ತ ಹರಿಯುತ್ತದೆ? ಬಾವಿಕಟ್ಟೆಯ ಬುಡದಲ್ಲಿ ನಿಲ್ಲುತ್ತದೆಯೇ? ಒಳಗೆ ಇಣುಕಿದರೆ ಮೇಲಿನ ಕಲ್ಲುಗಳ ಸಂದಿಯಿಂದ ಕೆಂಪು ನೀರು ಜಿನುಗುತ್ತಿದೆಯೇ? ಜಿನುಗುತ್ತಿದ್ದರೆ ಅಂಗಳದಲ್ಲಿ ಇದ್ದುದೆಲ್ಲ ಸೋಸದೆ ಬಾವಿಗೆ ಸೇರುತ್ತಿದೆ ಎಂದರ್ಥ. ಬಾವಿಯ ಒಳಗೋಡೆ ಮೇಲಿನಿಂದ ಸುಮಾರು 20 ಅಡಿಯವರೆಗೆ ನೀರು ಜಿನುಗದಂತೆ ಗಾರೆಯಾಗಿರಬೇಕು. ನೀರು ತಳದಿಂದ ಬರಬೇಕೇ ಹೊರತು ಬದಿಯಿಂದಲ್ಲ. ಎರಡೂವರೆ ಅಡಿ ಎತ್ತರದ ಕಟ್ಟೆ, ಸುತ್ತ ಕನಿಷ್ಠ ಮೂರು ಅಡಿ ಅಗಲದ, ಹೊರಗೆ ಇಳಿಜಾರಾದ ಸಿಮೆಂಟ್ ನೆಲ, ಅಲ್ಲಿಂದ ನೀರನ್ನು ದೂರದ ಬಾಳೆಬುಡಕ್ಕೆ ಒಯ್ಯುವ ಚರಂಡಿ, ಮೇಲೆ ಒಂದು ಮುಚ್ಚಳ: ಇಷ್ಟಾದರೆ ಮೇಲಿನಿಂದ ಬರುವ ಕೊಳೆ ಬಹುಮಟ್ಟಿಗೆ ನಿಲ್ಲುತ್ತದೆ. ಬಲೆ ಹಾಸಿದರೆ ತರಗೆಲೆ ನಿಂತೀತು, ಹಕ್ಕಿಯ ಹಿಕ್ಕೆ ನಿಲ್ಲದು.

ಕೊಡಪಾನ ಮತ್ತು ಹಗ್ಗದ ಕಡೆಗೂ ನೋಡಬೇಕು. ಹಟ್ಟಿಗೆ ಹೋದ ಕೊಡಪಾನವೇ ಬಾವಿಗೂ ಇಳಿಯುವುದು, ಹಗ್ಗ ನೆಲದಲ್ಲಿ ಕೋಳಿಗಳ ನಡುವೆ ಬಿದ್ದಿರುವುದು ಅನೇಕ ಕಡೆ ಕಾಣುವ ದೃಶ್ಯ. ಬಾವಿಗೆಂದೇ ಒಂದು ಕೊಡಪಾನ ಇರಲಿ, ಅದು ಕೊಕ್ಕೆಯಲ್ಲಿ ತೂಗಿರಲಿ. ಮಗುವಿನ ಬಟ್ಟೆ ಬಾವಿಕಟ್ಟೆಯಲ್ಲಿ ಒಗೆಯುವುದು ಬೇಡ. ಛಾವಣಿಯ ಮಳೆನೀರನ್ನು ಬಾವಿಗೆ ಬಿಡುವ ಒಳ್ಳೆಯ ಪದ್ಧತಿ ಈಗ ಹಬ್ಬುತ್ತಿದೆ. ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಅನಂತರ ಮರಳು-ಜಲ್ಲಿಯ ಸೋಸುಗುಂಡಿಯ ಮೂಲಕವೇ ಬಿಡಬೇಕು. ಆ ಮರಳನ್ನು ವರ್ಷಕ್ಕೊಮ್ಮೆ ತೊಳೆಯದಿದ್ದರೆ ಸೋಸುಗುಂಡಿಯೇ ಕೊಳೆಗುಂಡಿಯಾಗುತ್ತದೆ.

ಮೇ ತಿಂಗಳಲ್ಲಿ ಕೆಸರು ತೆಗೆಯಿಸುವವರಿಗೆ ಒಂದು ಎಚ್ಚರಿಕೆ. ಆಳವಾದ ಬಾವಿಯ ತಳದಲ್ಲಿ ಪ್ರಾಣವಾಯು ಇಲ್ಲದಿರಬಹುದು. ಇಳಿದವನು ಕುಸಿದಾಗ ಕಾಪಾಡಲು ಇಳಿದ ಎರಡನೆಯವನೂ ಮೂರನೆಯವನೂ ಸತ್ತ ದುರಂತಗಳು ಮತ್ತೆ ಮತ್ತೆ ನಡೆಯುತ್ತಿವೆ. ದೀಪ ಇಳಿಸಿ ನೋಡುವುದು ಹಳೆಯ ಕ್ರಮ. ದೀಪ ಆರಿದರೆ ಖಂಡಿತ ಇಳಿಯಬಾರದು, ಆದರೆ ಆರಲಿಲ್ಲ ಎಂಬುದರಿಂದ ಎಲ್ಲ ವಿಷಾನಿಲಗಳೂ ಇಲ್ಲವೆಂದು ತಿಳಿಯುವಂತಿಲ್ಲ. ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬಾರದು. ಅದರ ಹೊಗೆ ಕೊಲ್ಲುತ್ತದೆ. ಇಳಿಯುವವನ ಸೊಂಟಕ್ಕೆ ಹಗ್ಗವಿರಲಿ, ಅವನನ್ನು ಎಳೆದು ಮೇಲೆತ್ತಬಲ್ಲಷ್ಟು ಜನ ಮೇಲೆ ಇರಲಿ. ಅವಘಡವಾದರೆ ಕೆಳಗಿಳಿಯದೆ ಅಗ್ನಿಶಾಮಕ ದಳವನ್ನು ಕರೆಯಿರಿ. ಒಂದು ದಿನದ ಕೂಲಿಗೆ ಬಂದವನ ಪ್ರಾಣ ನಮ್ಮ ಬಾವಿಯ ನೀರಿಗಿಂತ ದೊಡ್ಡದು.

ಪರೀಕ್ಷೆ ಮಾಡಿಸುವ ಕ್ರಮ

ಜಿಲ್ಲಾ ಮತ್ತು ತಾಲೂಕು ಮಟ್ಟದಲ್ಲಿ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯ ಅಡಿಯಲ್ಲಿ ಖಾಸಗಿ ಮನೆಯವರೂ ಅಲ್ಪ ಶುಲ್ಕ ಕೊಟ್ಟು ಇಂಥಲ್ಲಿ ನೀರು ಪರೀಕ್ಷಿಸಿಕೊಳ್ಳಲು ಅವಕಾಶ ಮಾಡಲಾಗಿದೆ. ಎಲ್ಲಿಗೆ ಒಯ್ಯಬೇಕೆಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ. ಊರಿನಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆಯೂ ಇದೆ. ಔಷಧಿಯ ಪಟ್ಟಿಯಿರುವ ಸಣ್ಣ ಸೀಸೆಗೆ ನೀರು ತುಂಬಿಸಿ ಇಟ್ಟರೆ, 24ರಿಂದ 48 ಗಂಟೆಗಳೊಳಗೆ ನೀರು ಕಪ್ಪಾದಲ್ಲಿ ಮಲದ ಮಾಲಿನ್ಯವಿದೆ ಎಂದು ಸಂಶಯಿಸಬೇಕು. ಅದು ಕಪ್ಪಾದರೆ ಪ್ರಯೋಗಾಲಯಕ್ಕೆ ಹೋಗಲು ಕಾರಣ ಸಿಕ್ಕಿತು. ಕಪ್ಪಾಗದಿದ್ದರೆ ಅದೊಂದನ್ನೇ ನಂಬಿ ಕುಳಿತುಕೊಳ್ಳಬೇಡಿ.

ನೀರು ಒಯ್ಯುವ ರೀತಿಯಲ್ಲಿ ಎಡವಟ್ಟಾದರೆ ವರದಿಗೆ ಬೆಲೆಯಿಲ್ಲ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಶುದ್ಧೀಕರಿಸಿದ ಸೀಸೆಯನ್ನೇ ಬಳಸಬೇಕು, ಅದನ್ನು ತೊಳೆಯಬಾರದು, ಮುಚ್ಚಳದ ಒಳಬದಿಗೆ ಬೆರಳು ತಾಗಿಸಬಾರದು. ಸೀಸೆಯನ್ನು ಮಂಜುಗಡ್ಡೆಯ ಜೊತೆ ಚೀಲದಲ್ಲಿಟ್ಟು ಸಾಧ್ಯವಾದರೆ ಆರು ಗಂಟೆಯೊಳಗೆ, ತಪ್ಪಿದರೆ ಅದೇ ದಿನ ಮುಟ್ಟಿಸಬೇಕು. ಹಳೆಯ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಸಿ, ಎರಡು ದಿನ ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಒಯ್ದರೆ ಪರೀಕ್ಷೆಯಾಗುವುದು ಬಾಟಲಿಯದ್ದು. ಬ್ಲೀಚಿಂಗ್ ಹಾಕಿದ ಮರುದಿನದ ನೀರನ್ನೂ ಒಯ್ಯಬೇಡಿ. ಸಮಯದ ಆಯ್ಕೆಯಲ್ಲಿ ಒಂದು ಪ್ರಾಮಾಣಿಕತೆ ಬೇಕು: ಬಾವಿಯ ಸ್ಥಿತಿ ಅತಿ ಕೆಟ್ಟದಾಗಿರುವ ಕಾಲದಲ್ಲಿ, ಅಂದರೆ ಮಳೆ ಚೆನ್ನಾಗಿ ಹಿಡಿದ ಮೇಲೆ ಪರೀಕ್ಷಿಸಬೇಕು. ಸಾಧ್ಯವಿದ್ದರೆ ಬೇಸಿಗೆಯ ಕೊನೆಯಲ್ಲಿ ಇನ್ನೊಮ್ಮೆ.

ಭಾರತೀಯ ಮಾನಕ ಬ್ಯೂರೋದ 10500 ಸಂಖ್ಯೆಯ ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಇ-ಕೋಲಿ ರೋಗಾಣು ಒಂದೂ ಕಾಣಬಾರದು. ಇಲ್ಲಿ ‘ಸ್ವಲ್ಪ ಇದ್ದರೆ ಪರವಾಗಿಲ್ಲ’ ಎಂಬ ಮಾತಿಲ್ಲ.

ಬ್ಲೀಚಿಂಗ್ ಮತ್ತು ಕುದಿಸುವುದು

ಬಾವಿಗೆ ಬ್ಲೀಚಿಂಗ್ ಪೌಡರನ್ನು ಕಣ್ಣಳತೆಯಲ್ಲಿ ಸುರಿಯುವುದು ಸರಿಯಲ್ಲ. ಬಾವಿಯ ಅಗಲವನ್ನು ಅಡಿಯಲ್ಲಿ ಅಳೆದು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 22ರಿಂದ ಗುಣಿಸಿದರೆ ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. 8 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ ಸುಮಾರು 14,000 ಲೀಟರ್. ಸಾಮಾನ್ಯ ಶುದ್ಧೀಕರಣಕ್ಕೆ 1,000 ಲೀಟರಿಗೆ 2.5 ಗ್ರಾಂ ಹೊಸ ಪೌಡರಿನಂತೆ ಈ ಬಾವಿಗೆ 35 ಗ್ರಾಂ ಬೇಕು. ಅದನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ತಿರುವಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ ನೀರಿನಲ್ಲಿ ಬೆರೆಸಿ. ತಳದ ಸುಣ್ಣ ಬಾವಿಗೆ ಬೀಳಬಾರದು. ಕನಿಷ್ಠ ಒಂದು ಗಂಟೆ ಬಿಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಸೇದುವುದು ಉತ್ತಮ. ತೆರೆದಿಟ್ಟು ತೇವ ಹಿಡಿದ ಹಳೆಯ ಪೌಡರಿನಲ್ಲಿ ಶಕ್ತಿಯಿರುವುದಿಲ್ಲ. ನೆರೆನೀರು ನುಗ್ಗಿದ ಬಾವಿಗೆ ಈ ಪ್ರಮಾಣ ಸಾಲದು, ಆಗ ಆರೋಗ್ಯ ಕೇಂದ್ರದವರನ್ನು ಕೇಳಿಯೇ ಮಾಡಬೇಕು. ಈ ಮದ್ದಿನ ಪ್ರಭಾವ ಬಹಳ ದಿನ ಉಳಿಯುವುದಿಲ್ಲ. ಪಕ್ಕದ ಗುಂಡಿ ಸೋರುತ್ತಲೇ ಇದ್ದರೆ ಬ್ಲೀಚಿಂಗ್ ಹಾಕುವುದೆಂದರೆ ತೂತು ಮುಚ್ಚದೆ ದೋಣಿಯ ನೀರು ಮೊಗೆದಂತೆ.

ದುರಸ್ತಿಯಾಗುವವರೆಗೂ, ಮಳೆಗಾಲವಿಡೀ, ಕುದಿಸಿ ಕುಡಿಯುವುದೇ ಮನೆಯ ಭದ್ರ ಉಪಾಯ. ನೀರು ಕೊತಕೊತ ಕುದಿ ಬಂದು ಒಂದು ನಿಮಿಷವಾದರೆ ಸಾಕು. ಇದನ್ನು ಹಾಳುಮಾಡುವುದು ನಮ್ಮ ಒಂದು ಚಿಕ್ಕ ಅಭ್ಯಾಸ: ಜೀರಿಗೆ ಹಾಕಿ ಕುದಿಸಿದ ನೀರು ಬಿಸಿಯಾಯಿತೆಂದು ಅದಕ್ಕೆ ಅರ್ಧ ಲೋಟ ತಣ್ಣೀರು ಬೆರೆಸಿ ಕೊಡುತ್ತೇವೆ. ಅಲ್ಲಿಗೆ ಕುದಿಸಿದ ಶ್ರಮವೆಲ್ಲ ವ್ಯರ್ಥ. ಮಜ್ಜಿಗೆ, ಶರಬತ್ತು, ಚಟ್ನಿಗೆ ಸೇರುವ ನೀರಿನ ಬಗ್ಗೆಯೂ ಇದೇ ಮಾತು. ರೋಸ್, ಮದುವೆ, ಪ್ರಥಮ ಪರಮಪ್ರಸಾದದ ಸಮಾರಂಭಗಳಲ್ಲಿ ಇನ್ನೂರು ಮುನ್ನೂರು ಜನಕ್ಕೆ ಹಂಚುವ ಸ್ವಾಗತ ಪಾನೀಯ ಯಾವ ನೀರಿನದೆಂದು ಅಡುಗೆಯವರನ್ನು ಕೇಳುವ ಧೈರ್ಯ ಮನೆಯ ಯಜಮಾನರಿಗೆ ಬರಲಿ.

ಕುದಿಸಿದರೂ ಹೋಗದ್ದು

ಕುದಿಸುವುದರಿಂದ ಸಾಯುವುದು ರೋಗಾಣುಗಳು ಮಾತ್ರ. ಘಟ್ಟದ ಮೇಲೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ರಾಯಚೂರು ಕಡೆಗಳಲ್ಲಿ ಕೊಳವೆಬಾವಿಯ ನೀರು ಕುಡಿಯುವ ನಮ್ಮ ಬಂಧುಗಳು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸ್ಥಳಗಳು ಬಹಳ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದೆನ್ನುತ್ತದೆ ಮಾನದಂಡ. ಅದು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ವರ್ಷಗಳು ಕಳೆದಂತೆ ಮೂಳೆಗಳ ಬಿಗಿತ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಗೊಬ್ಬರ ಮತ್ತು ಕೊಳಚೆಯಿಂದ ಬರುವ ನೈಟ್ರೇಟಿನದೂ ಹೀಗೆಯೇ. ಅದು 45 ಮಿಲಿಗ್ರಾಂ ಮೀರಿದ ನೀರಿನಲ್ಲಿ ಡಬ್ಬಿಯ ಹಾಲು ಕಲಸಿ ಕುಡಿಸಿದರೆ ಆರು ತಿಂಗಳೊಳಗಿನ ಶಿಶುವಿನ ರಕ್ತಕ್ಕೆ ಪ್ರಾಣವಾಯು ಒಯ್ಯುವ ಶಕ್ತಿ ಕುಂದುತ್ತದೆ. ಆದ್ದರಿಂದ ಒಮ್ಮೆಯಾದರೂ ರಾಸಾಯನಿಕ ಪರೀಕ್ಷೆ ಆಗಲೇಬೇಕು.

ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಬೇರೆ ತೊಂದರೆ: ನೀರು ಅನೇಕ ಕಡೆ ಸ್ವಲ್ಪ ಆಮ್ಲೀಯವಾಗಿದ್ದು ಕಬ್ಬಿಣದ ಪೈಪನ್ನು ತಿನ್ನುತ್ತದೆ. ಲವಣ ಮಾತ್ರ ತೀರ ಕಡಿಮೆ, ಹೊಳೆಬಾಗಿಲಿನ ಉಪ್ಪುನೀರಿನ ಬಾವಿಗಳ ಮಾತು ಬಿಟ್ಟರೆ. ಇದು ತಿಳಿಯದೆ ಮನೆಮನೆಗೆ ಬರುವ ಯಂತ್ರ ಮಾರುವವರ ಬಲೆಗೆ ಬೀಳಬೇಡಿ. ಅವರ ಕೈಯಲ್ಲಿರುವ ಟಿ.ಡಿ.ಎಸ್. ಮೀಟರ್ ಅಳೆಯುವುದು ಕರಗಿದ ಲವಣವನ್ನು. ರೋಗಾಣುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಮೀಟರ್ 40 ಎಂದು ತೋರಿಸಿದ ನೀರಿನಲ್ಲಿ ಟೈಫಾಯ್ಡ್ ಇರಬಹುದು, 400 ತೋರಿಸಿದ್ದು ನಿರಪಾಯವಾಗಿರಬಹುದು. ಲೋಟಕ್ಕೆ ಎರಡು ಕಡ್ಡಿ ಇಳಿಸಿ ಕರೆಂಟು ಹಾಯಿಸಿ ನೀರನ್ನು ಕಂದುಬಣ್ಣಕ್ಕೆ ತಿರುಗಿಸಿ ತೋರಿಸುತ್ತಾರಲ್ಲ, ಆ ಬಣ್ಣ ಬಂದದ್ದು ಕಡ್ಡಿಯ ಕಬ್ಬಿಣದಿಂದ, ನಿಮ್ಮ ಬಾವಿಯಿಂದಲ್ಲ. ಲವಣವೇ ಇಲ್ಲದ ನೀರಿಗೆ ಲವಣ ತೆಗೆಯುವ ಆರ್.ಓ. ಯಂತ್ರ ಕೂರಿಸಿ, ಪ್ರತಿದಿನ ಬಕೆಟ್‌ಗಟ್ಟಲೆ ನೀರು ಚರಂಡಿಗೆ ಬಿಡುವ ಮೊದಲು ಪ್ರಯೋಗಾಲಯದ ವರದಿ ಕೈಯಲ್ಲಿರಲಿ.

ವರದಿ ಬಂದ ಮೇಲೆ ಅದರ ಮೇಲೆ ನೀರು ತೆಗೆದ ದಿನಾಂಕ ಬರೆದು, ಪಡಿತರ ಚೀಟಿ ಇಡುವ ಪೆಟ್ಟಿಗೆಯಲ್ಲೇ ಇಡಿ; ಮುಂದಿನ ಜುಲೈಯ ವರದಿಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಬಹುದು. ರೋಗಾಣು ಕಂಡುಬಂದಿದ್ದರೆ ಬೇಲಿಯಾಚೆಯವರಿಗೂ ತಿಳಿಸಿ, ಅವರ ಬಾವಿಗೂ ನಿಮ್ಮ ಬಾವಿಗೂ ಸೆಲೆ ಒಂದೇ ಇರಬಹುದು. ಅವರೊಡನೆ ಮಾತು ಬಿಟ್ಟು ವರ್ಷಗಳಾಗಿದ್ದರೆ ಈ ಕಾಗದವನ್ನು ಹಿಡಿದುಕೊಂಡು ಹೋಗಿ.